ರಸ್ತೆಬದಿಯ ಬರಹದ ಕಲ್ಲುಗಳು: ಹದಿನಾಲ್ಕು ತಿಂಗಳ ಕೆಲಸದ ಟಿಪ್ಪಣಿ

ಬೆಂಗಳೂರಿನ ಸುತ್ತಲಿನ ರಸ್ತೆಗಳ ಬದಿಯಲ್ಲಿ ನಿಂತಿರುವ, ಒರಗಿರುವ, ಅರ್ಧ ಹೂತುಹೋಗಿರುವ ಶಾಸನಗಳನ್ನೂ ವೀರಗಲ್ಲುಗಳನ್ನೂ ಒಂದೊಂದಾಗಿ ಹುಡುಕಿ ದಾಖಲಿಸುವ ಕೆಲಸವನ್ನು ನಾನೂ ನನ್ನ ಗೆಳೆಯನೊಬ್ಬನೂ ಆರಂಭಿಸಿ ಈಗ ಹದಿನಾಲ್ಕು ತಿಂಗಳಾಗಿದೆ. ಇದುವರೆಗೆ 52 ಕಡೆ ಹೋಗಿ ಬಂದಿದ್ದೇವೆ. ಅವುಗಳಲ್ಲಿ 31 ಕಲ್ಲುಗಳು ಹಳೆಯ ದಾಖಲೆ ಹೇಳಿದ ಜಾಗದಲ್ಲಿ ಅಥವಾ ಅದರ ಆಸುಪಾಸಿನಲ್ಲಿಯೇ ಇವೆ, 9 ಕಲ್ಲುಗಳು ಬೇರೆ ಕಡೆಗೆ ಸ್ಥಳಾಂತರಗೊಂಡಿವೆ, ಉಳಿದ 12 ಸಿಗಲಿಲ್ಲ. ಸಿಗಲಿಲ್ಲ ಎಂದರೆ ನಾಶವಾಗಿವೆ ಎಂದೇನೂ ಅಲ್ಲ. ಯಾರದೋ ಕಾಂಪೌಂಡ್ ಗೋಡೆಯೊಳಗೆ ಸೇರಿರಬಹುದು, ಮಕಾಡೆ ಬಿದ್ದು ಮೋರಿಯ ಮೇಲಿನ ಹಾಸುಗಲ್ಲಾಗಿರಬಹುದು. ಆದ್ದರಿಂದ ನಮ್ಮ ಪಟ್ಟಿಯಲ್ಲಿ 'ನಾಶ' ಎಂಬ ಕಾಲಮನ್ನೇ ಇಟ್ಟಿಲ್ಲ.

ನಮಗೆ ದಾರಿ ತೋರಿಸುತ್ತಿರುವುದು ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟ. ಬೆಂಗಳೂರು ಜಿಲ್ಲೆಯ ಶಾಸನಗಳಿಗೆ ಮೀಸಲಾದ ಆ ಸಂಪುಟ ಅಚ್ಚಾದದ್ದು 1905ರಲ್ಲಿ. ತಾಲ್ಲೂಕುವಾರು ಸಂಖ್ಯೆ, ಊರಿನ ಹೆಸರು, ಕಲ್ಲು ಎಲ್ಲಿದೆ ಎಂಬ ಒಂದು ಸಾಲಿನ ವಿವರ, ಕನ್ನಡ ಲಿಪಿಯಲ್ಲಿ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಎಲ್ಲವೂ ಅದರಲ್ಲಿವೆ. ಆದರೆ ಆ ಒಂದು ಸಾಲಿನ ವಿವರವೇ ನಮ್ಮನ್ನು ಹೆಚ್ಚು ಅಲೆದಾಡಿಸಿದೆ. ಊರಿನ ಪೂರ್ವದ ಹೊಲದಲ್ಲಿ, ಕೆರೆಯ ತೂಬಿನ ಬಳಿ, ಇಂಥವರ ಜಮೀನಿನಲ್ಲಿ ಎಂದು ಅಂದಿನ ಕಾಲಕ್ಕೆ ಸ್ಪಷ್ಟವಾಗಿಯೇ ಬರೆದಿದ್ದಾರೆ. ಹೊಲ ಬಡಾವಣೆಯಾಗಿದೆ, ಕೆರೆ ಬಸ್ ನಿಲ್ದಾಣವಾಗಿದೆ, ಜಮೀನಿನ ಒಡೆಯರ ಮೊಮ್ಮಕ್ಕಳ ಮಕ್ಕಳು ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿದ್ದಾರೆ. ಮೊದಲ ಮೂರು ತಿಂಗಳು ನಾವು ನಕ್ಷೆ ಹಿಡಿದು ತಿರುಗಿ ಬಹುಪಾಲು ಬರಿಗೈಯಲ್ಲಿ ಮರಳಿದೆವು. ನಾಲ್ಕನೆಯ ತಿಂಗಳಿನಿಂದ ನಕ್ಷೆಯನ್ನು ಚೀಲದೊಳಗಿಟ್ಟು ಊರಿನ ಹಿರಿಯರನ್ನು ಕೇಳಲು ಆರಂಭಿಸಿದ ಮೇಲೆ ಕೆಲಸ ಕುದುರಿತು.

ಕೇಳುವುದಕ್ಕೂ ಒಂದು ಭಾಷೆ ಬೇಕು ಎಂಬುದು ತಡವಾಗಿ ತಿಳಿಯಿತು. 'ಇಲ್ಲಿ ಶಾಸನ ಇದೆಯೇ' ಎಂದು ಕೇಳಿದರೆ ಇಲ್ಲ ಎಂಬ ಉತ್ತರವೇ ಹೆಚ್ಚು ಬರುತ್ತಿತ್ತು. ಬರಹದ ಕಲ್ಲು ಎಂದರೆ ಅರ್ಥವಾಗುತ್ತದೆ. ವೀರಗಲ್ಲು ಹಲವೆಡೆ ವೀರಣ್ಣನಾಗಿದೆ, ಸತಿ ಹೋದವಳ ನೆನಪಿನ ಮಾಸ್ತಿಕಲ್ಲು ಮಾಸ್ತಮ್ಮನಾಗಿದೆ. ಆನೇಕಲ್ ಕಡೆಯ ಒಂದು ಊರಿನಲ್ಲಿ ಅರ್ಧ ಗಂಟೆ ಸುತ್ತಿ ಸೋತು ಜಗಲಿಯ ಮೇಲೆ ಕುಳಿತಾಗ, ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರು ಏನು ಹುಡುಕುತ್ತಿದ್ದೀರಿ ಎಂದು ವಿಚಾರಿಸಿದರು. ಕುದುರೆ ಹತ್ತಿದವನ ಚಿತ್ರವಿರುವ ಕಲ್ಲು ಎಂದೆ. 'ಅಯ್ಯೋ, ನಮ್ ವೀರಣ್ಣ ಕಣಪ್ಪ ಅದು, ನೀನು ಗಾಡಿ ನಿಲ್ಸಿದ್ಯಲ್ಲ, ಅದರ ಹಿಂದೇನೇ' ಎಂದರು. ನಿಜ, ನಮ್ಮ ಬೈಕನ್ನು ಆ ಕಲ್ಲಿಗೆ ಒರಗಿಸದೆ ಉಳಿದದ್ದೇ ಪುಣ್ಯ.

ಆ ವೀರಣ್ಣನ ಸ್ಥಿತಿಯನ್ನು ಸ್ವಲ್ಪ ವಿವರವಾಗಿ ಬರೆದಿಡುತ್ತೇನೆ, ಏಕೆಂದರೆ ರಸ್ತೆಬದಿಯ ಹಲವು ಕಲ್ಲುಗಳ ಕಥೆ ಇದೇ ಆಗಿದೆ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಹಂತಗಳಿರುತ್ತವೆ. ಕೆಳಗೆ ಕಾಳಗ, ನಡುವೆ ಮಡಿದ ವೀರನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುತ್ತಿರುವ ದೃಶ್ಯ, ಮೇಲೆ ಲಿಂಗದ ಮುಂದೆ ಕುಳಿತ ವೀರ ಮತ್ತು ಸೂರ್ಯಚಂದ್ರರು. ಹಂತಗಳ ನಡುವಿನ ಪಟ್ಟಿಗಳಲ್ಲಿ ಬರಹ. ಈ ಕಲ್ಲಿನ ಪಕ್ಕದ ರಸ್ತೆಗೆ ಪ್ರತಿ ಬಾರಿ ಡಾಂಬರು ಹಾಕಿದಾಗಲೂ ಹಳೆಯದನ್ನು ಕೀಳದೆ ಅದರ ಮೇಲೆಯೇ ಹಾಕಿದ್ದರಿಂದ ನೆಲ ಏರುತ್ತ ಬಂದು, ಕೆಳಗಿನ ಹಂತ ಪೂರ್ತಿಯಾಗಿ ಮುಚ್ಚಿಹೋಗಿದೆ. ಕಾಳಗ ನೆಲದಡಿಯಲ್ಲಿ ಸೇರಿ, ಅಪ್ಸರೆಯರ ಕಾಲಿನಿಂದ ಮೇಲಿನ ಭಾಗ ಮಾತ್ರ ಕಾಣುತ್ತದೆ. ಯಾರ ತುರುಗಳನ್ನು ಯಾರು ಹಿಡಿದರು, ಬಿಡಿಸಲು ಹೋದವನು ಯಾರ ಮಗ ಎಂಬುದನ್ನು ಹೇಳಬೇಕಾದ ಸಾಲು ಸರಿಯಾಗಿ ಡಾಂಬರಿನ ಅಂಚಿಗೆ ಬಂದು ನಿಂತಿದೆ. ಅಕ್ಷರಗಳ ಮೇಲುಭಾಗ ಕಾಣುತ್ತದೆ, ಕೆಳಗಿನ ಒತ್ತಕ್ಷರಗಳು ಕಾಣುವುದಿಲ್ಲ. ನಾವು ಅಗೆಯಲಿಲ್ಲ. ಅಗೆಯುವುದು ನಮ್ಮ ಕೆಲಸವಲ್ಲ ಎಂಬುದು ಮೊದಲ ದಿನವೇ ಮಾಡಿಕೊಂಡ ನಿಯಮ.

ಅಗೆತದ ವಿಷಯ ಬಂದದ್ದರಿಂದ ಒಂದು ಕಹಿ ಅನುಭವವನ್ನೂ ಹೇಳಬೇಕು. ಬರಹದ ಕಲ್ಲಿನ ಕೆಳಗೆ ನಿಧಿ ಇರುತ್ತದೆ, ಬರಹ ಆ ನಿಧಿಯ ಗುರುತು ಎಂಬ ನಂಬಿಕೆ ಇನ್ನೂ ಬಲವಾಗಿದೆ. ಏಳನೆಯ ತಿಂಗಳಲ್ಲಿ ನಾವು ಅಳತೆಪಟ್ಟಿ ಹಿಡಿದು ಎರಡು ದಿನ ಓಡಾಡಿದ ಒಂದು ಕಲ್ಲಿನ ಬುಡವನ್ನು ಹದಿನೈದು ದಿನಗಳ ನಂತರ ಯಾರೋ ತೋಡಿ, ಕಲ್ಲನ್ನು ಒಂದು ಪಕ್ಕಕ್ಕೆ ವಾಲಿಸಿ ಹೋಗಿದ್ದರು. ನಮ್ಮ ಓಡಾಟವೇ ಅವರಿಗೆ ಸುಳಿವಾಯಿತೇ ಎಂಬ ಸಂಶಯ ನನ್ನನ್ನು ಬಿಟ್ಟಿಲ್ಲ. ಅಂದಿನಿಂದ ಕಲ್ಲಿನ ಬಳಿಗೆ ಹೋದ ಕೂಡಲೇ ನಾಲ್ಕು ಜನರನ್ನು ಕರೆದು, ಅದರಲ್ಲಿ ಬರೆದಿರುವುದನ್ನು ಗಟ್ಟಿಯಾಗಿ ಓದಿ ಹೇಳುತ್ತೇವೆ. ಇಷ್ಟು ಗದ್ದೆಯನ್ನು ಇಂಥ ದೇವರಿಗೆ ಬಿಟ್ಟಿದ್ದಾರೆ, ಇದಕ್ಕೆ ತಪ್ಪಿದವರು ಗಂಗೆಯ ತಡಿಯಲ್ಲಿ ಕಪಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾರೆ ಎಂಬ ಶಾಪದ ಸಾಲಿಗೆ ಬಂದಾಗ ಕೇಳುವವರ ಮುಖ ಗಂಭೀರವಾಗುತ್ತದೆ. ಕಾವಲಿಗೆ ಆ ಸಾಲು ಇಂದಿಗೂ ಉಪಯೋಗಕ್ಕೆ ಬರುತ್ತಿದೆ.

ಓದುವ ಕ್ರಮದಲ್ಲಿಯೂ ಬದಲಾವಣೆಯಾಗಿದೆ. ಆರಂಭದಲ್ಲಿ ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣದ ಪುಡಿ ಸವರುತ್ತಿದ್ದೆವು, ಅದು ತಪ್ಪು. ಪುಡಿ ಕಲ್ಲಿನ ರಂಧ್ರಗಳಲ್ಲಿ ಉಳಿಯುತ್ತದೆ, ಅದಕ್ಕಿಂತ ಮುಖ್ಯವಾಗಿ ನಾವು ಊಹಿಸಿದ ಅಕ್ಷರವನ್ನೇ ಕಲ್ಲಿನ ಮೇಲೆ ಬರೆದು ಅದನ್ನೇ ಓದಿದಂತಾಗುತ್ತದೆ. ಒದ್ದೆ ಕಾಗದವನ್ನು ಬ್ರಷ್‌ನಿಂದ ಬಡಿದು ಮಸಿಯೊತ್ತಿ ಪಡಿಯಚ್ಚು ತೆಗೆಯುವುದು ಶಾಸನತಜ್ಞರು ನೂರು ವರ್ಷಕ್ಕೂ ಮೇಲ್ಪಟ್ಟು ಬಳಸುತ್ತಿರುವ ವಿಧಾನ. ಆದರೆ ಸಿಪ್ಪೆಯೇಳುತ್ತಿರುವ ಕಲ್ಲಿನ ಮೇಲೆ ನಮ್ಮಂಥವರು ಕೈ ಹಾಕದಿರುವುದೇ ಲೇಸು. ಈಗ ನಾವು ಮಾಡುವುದಿಷ್ಟೇ: ಮುಸ್ಸಂಜೆಯ ನಂತರ ಹೋಗಿ, ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ಓರೆಯಾಗಿ ಹಿಡಿದು, ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಬೆಳಕು ಹಾಯಿಸಿ ಒಂದೊಂದು ಸಾಲಿಗೆ ನಾಲ್ಕು ಚಿತ್ರ ತೆಗೆಯುತ್ತೇವೆ. ಹಗಲಿನಲ್ಲಿ ಸಪಾಟಾಗಿ ಕಂಡ ಬಂಡೆಯ ಮೇಲೆ ಓರೆ ಬೆಳಕಿನಲ್ಲಿ ನೆರಳು ಕೂಡಿಕೊಂಡು ಅಕ್ಷರಗಳು ಏಳುವುದನ್ನು ನೋಡಿದಾಗ ಮೂವತ್ತೊಂದನೆಯ ಕಲ್ಲಿನಲ್ಲಿಯೂ ಮೈ ಜುಮ್ಮೆನ್ನುತ್ತದೆ.

ಈ ಬೆಳಕಿನ ಪಾಠ ಕಲಿಸಿದ್ದು ಹೊಸಕೋಟೆ ರಸ್ತೆಯ ಕಡೆಯ ಒಂದು ದತ್ತಿ ಶಾಸನ. ವಿಜಯನಗರದ ದೊರೆ ಸದಾಶಿವರಾಯನ ಹೆಸರು ಸ್ಪಷ್ಟವಾಗಿತ್ತು, ಶಕವರ್ಷದ ಕೊನೆಯ ಎರಡು ಅಂಕಿಗಳು ಸವೆದಿದ್ದವು, ಸಂವತ್ಸರವನ್ನು ನಾನು ಕ್ರೋಧನ ಎಂದು ಓದಿದೆ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ರಾಜನ ಹೆಸರಿನೊಡನೆ ಸೇರಿಸಿದರೆ ಕಾಲ ಹೆಚ್ಚು ಕಡಿಮೆ ಖಚಿತವಾಗುತ್ತದೆ. ಸದಾಶಿವರಾಯನ ಆಳ್ವಿಕೆ 1542ರಿಂದ 1570ರವರೆಗೆ. ಅದರೊಳಗೆ ಬೀಳುವ ಕ್ರೋಧನ ಶಕ 1487, ಅಂದರೆ ಶಕಕ್ಕೆ 78 ಕೂಡಿಸಿದಾಗ ಕ್ರಿ.ಶ. 1565. ಆ ವರ್ಷದ ಜನವರಿಯಲ್ಲಿ ತಾಳಿಕೋಟೆಯ ಯುದ್ಧ ನಡೆದು ರಾಮರಾಯ ಹತನಾಗಿದ್ದ. ರಾಜಧಾನಿ ಬಿದ್ದ ಕೆಲವೇ ತಿಂಗಳಲ್ಲಿ ಈ ಮೂಲೆಯ ಹಳ್ಳಿಯಲ್ಲಿ ಏನೂ ಆಗದಂತೆ ಭೂದಾನ ನಡೆದಿದೆ ಎಂದು ನಾನು ಎರಡು ಪುಟ ಬರೆದಿಟ್ಟಿದ್ದೆ. ರಾತ್ರಿ ಟಾರ್ಚು ಹಿಡಿದಾಗ ಧ ಅಕ್ಷರದ ಮೇಲೆ ಗುಡಿಸು ಎದ್ದು ಕಂಡಿತು. ನಾನು 'ನ' ಎಂದುಕೊಂಡದ್ದು ಕಲ್ಲು ಚಕ್ಕೆಯೆದ್ದ ಗುರುತಾಗಿತ್ತು. ಅದು ಕ್ರೋಧಿ. ಶಕ 1466, ಕ್ರಿ.ಶ. 1544. ಒಂದು ಗುಡಿಸಿನ ಹಿಂದೆ ಇಪ್ಪತ್ತೊಂದು ವರ್ಷಗಳೂ ನನ್ನ ಎರಡು ಪುಟಗಳೂ ಹೋದವು. ಮುದ್ರಿತ ಪಾಠದಲ್ಲಿ ಮೊದಲೇ ಕ್ರೋಧಿ ಎಂದಿತ್ತು ಎಂಬುದನ್ನು ಗೆಳೆಯ ತೋರಿಸಿದ. ಮೊದಲು ಕಲ್ಲು, ಆಮೇಲೆ ಪುಸ್ತಕ ಎಂಬ ನಮ್ಮ ಕ್ರಮವನ್ನು ಇದರಿಂದ ಬದಲಿಸಲಿಲ್ಲ. ಎರಡನ್ನೂ ನೋಡುವ ಮೊದಲು ಇತಿಹಾಸ ಬರೆಯಬಾರದು ಎಂದು ಮಾತ್ರ ಸೇರಿಸಿದೆವು.

ಕಲ್ಲು ತನ್ನ ಜಾಗದಲ್ಲಿಯೇ ಇದ್ದರೆ ಎಷ್ಟು ಹೇಳಬಲ್ಲದು ಎಂಬುದಕ್ಕೆ ಹೆಬ್ಬಾಳದ ಕಿತ್ತಯ್ಯನ ಶಾಸನಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ವೀರಗಲ್ಲು 2018ರಲ್ಲಿ ಚರಂಡಿ ಕಾಮಗಾರಿಯ ಅಗೆತದಲ್ಲಿ ಸಿಕ್ಕಿತು. ನಗರದ ಪರಿಧಿಯಲ್ಲಿ ಈವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಇದೇ ಅತ್ಯಂತ ಹಳೆಯದು. ಅದರಲ್ಲಿ ಪೆರ್ಬೊಳಲ್ ನಾಡಿನ ಹೆಸರಿದೆ. ಪೆರ್ ಎಂದರೆ ಹಿರಿದು, ಪೊಳಲ್ ಎಂದರೆ ಪಟ್ಟಣ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪಕಾರ ಹಕಾರವಾಗುವ ಹಾದಿಯಲ್ಲಿ ಪೆರ್ಬೊಳಲು ಹೆಬ್ಬಾಳವಾಗಿದೆ. ಮೇಲ್ಸೇತುವೆಯ ಕೆಳಗೆ ದಿನವೂ ವಾಹನದಟ್ಟಣೆಯಲ್ಲಿ ಸಿಲುಕುವ ನಾವು ಹೇಳುವ ಹೆಸರಿಗೆ ಸಾವಿರದ ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ದಾಖಲೆ ಆ ಮಣ್ಣಿನಲ್ಲಿಯೇ ಸಿಕ್ಕಿದೆ. ಅದೇ ಕಲ್ಲು ಬೇರೆಲ್ಲಿಯೋ ದೊರೆತಿದ್ದರೆ ಪೆರ್ಬೊಳಲ್ ಎಲ್ಲಿತ್ತು ಎಂದು ವಿದ್ವಾಂಸರು ಇನ್ನೂ ಚರ್ಚಿಸುತ್ತಿರುತ್ತಿದ್ದರು. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಸುಮಾರು ಕ್ರಿ.ಶ. 890ರ ವೀರಗಲ್ಲು ಬೆಂಗಳೂರಿನ ಕಾಳಗವನ್ನು ಹೆಸರಿಸುತ್ತದೆ. ವೀರಬಲ್ಲಾಳ ಮತ್ತು ಬೆಂದಕಾಳಿನ ಕಥೆಗಿಂತ ಅದು ಶತಮಾನಗಳಷ್ಟು ಹಿಂದಿನದು.

ಈ ಕಾರಣಕ್ಕೆ ಸ್ಥಳಾಂತರಗೊಂಡ ಒಂಬತ್ತು ಕಲ್ಲುಗಳ ಬಗ್ಗೆ ನನ್ನ ಮನಸ್ಸು ಎರಡು ಕಡೆಗೆ ಎಳೆಯುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ ಪ್ರಸಿದ್ಧ ಶಾಸನ ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949-50ರ ಆ ಕಲ್ಲು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದದ್ದನ್ನೂ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನೂ ಒಟ್ಟಿಗೆ ನೆನೆಯುತ್ತದೆ. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ನಾಯಿಯ ಪಾಪ ತಟ್ಟುತ್ತದೆ ಎಂಬ ಕಟ್ಟಳೆಯೂ ಅದರಲ್ಲಿದೆ. ವಸ್ತುಸಂಗ್ರಹಾಲಯದಲ್ಲಿ ಅದು ಸುರಕ್ಷಿತವಾಗಿದೆ ನಿಜ, ಆದರೆ ಪೂಜಿಸಬೇಕಾದ ಗೊರವನೂ ಹಂದಿ ಓಡಿದ ಕಾಡೂ ಅದರ ಜೊತೆಗೆ ಬರಲಿಲ್ಲ. ಮಳೆಯಲ್ಲಿ ನೆನೆದರೂ ಊರಿನಲ್ಲಿಯೇ ಇರಲಿ ಎಂದು ಒಮ್ಮೆ, ಲಾರಿ ಗುದ್ದುವುದಕ್ಕಿಂತ ಛಾವಣಿಯ ಕೆಳಗೆ ಇರಲಿ ಎಂದು ಇನ್ನೊಮ್ಮೆ ಅನ್ನಿಸುತ್ತದೆ. ಸದ್ಯಕ್ಕೆ ಹೊಸ ಜಾಗದ ಜೊತೆ ಹಳೆಯ ಜಾಗದ ಅಕ್ಷಾಂಶ ರೇಖಾಂಶಗಳನ್ನೂ ಬರೆದಿಡುತ್ತಿದ್ದೇವೆ.

ಹತ್ತನೆಯ ತಿಂಗಳಲ್ಲಿ ಕಾಲದ ಗೆರೆಯನ್ನು ಸ್ವಲ್ಪ ದಾಟಿ, ಬೆಂಗಳೂರು ಕೋಟೆಯ ಬಳಿಯ ಇಂಗ್ಲಿಷ್ ಫಲಕವನ್ನೂ ಪಟ್ಟಿಗೆ ಸೇರಿಸಿದೆವು. ಈ ಬಿರುಕಿನ ಮೂಲಕ ಬ್ರಿಟಿಷರ ದಾಳಿ ನಡೆಯಿತು, 1791 ಮಾರ್ಚ್ 21 ಎಂದಷ್ಟೇ ಅದು ಹೇಳುತ್ತದೆ. ಕಾರ್ನ್‌ವಾಲಿಸ್‌ನ ಸೇನೆಯನ್ನು ಎದುರಿಸಿ ಅಲ್ಲಿಯೇ ಮಡಿದ ಕಿಲ್ಲೇದಾರ ಬಹಾದ್ದೂರ್ ಖಾನನ ಹೆಸರು ಅದರಲ್ಲಿಲ್ಲ. ವೀರಗಲ್ಲುಗಳನ್ನೇ ಓದಿ ರೂಢಿಯಾದ ಕಣ್ಣಿಗೆ ಇದು ವಿಚಿತ್ರವಾಗಿ ಕಂಡಿತು. ಊರಿನ ದನ ಬಿಡಿಸಲು ಹೋಗಿ ಸತ್ತವನ ಹೆಸರನ್ನೂ ಅವನ ತಂದೆಯ ಹೆಸರನ್ನೂ ಕೆತ್ತಿಸುವ ಪದ್ಧತಿಯಿದ್ದ ನೆಲದಲ್ಲಿ, ಗೋಡೆ ಒಡೆದ ಜಾಗಕ್ಕೆ ಕಲ್ಲು ಹಾಕಿ, ಗೋಡೆ ಕಾದು ಸತ್ತವನನ್ನು ಬಿಟ್ಟಿದ್ದಾರೆ.

ಇಂದಿನ ಫಲಕಗಳ ಬಗ್ಗೆಯೂ ಒಂದು ಮಾತು. ಸಂರಕ್ಷಿತ ಸ್ಮಾರಕಗಳ ಮುಂದಿನ ಫಲಕ ದಂಡ ಎಷ್ಟು, ಸಜೆ ಎಷ್ಟು ಎಂದು ತಿಳಿಸುತ್ತದೆ. ಒಳಗಿನ ಕಲ್ಲು ಏನು ಹೇಳುತ್ತದೆ ಎಂಬುದನ್ನು ತಿಳಿಸುವ ಫಲಕಗಳು ನಮಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಆದರೆ ಆ ದಂಡದ ಮೊತ್ತದಿಂದ ಫಲಕದ ಕಾಲವನ್ನೇ ಹೇಳಬಹುದೆಂದು ಗೆಳೆಯ ಕಂಡುಕೊಂಡಿದ್ದಾನೆ. ಕೇಂದ್ರದ 1958ರ ಕಾಯ್ದೆಯಲ್ಲಿ ಮೂರು ತಿಂಗಳ ಸಜೆ, ಐದು ಸಾವಿರ ರೂಪಾಯಿ ದಂಡ ಇತ್ತು. 2010ರ ತಿದ್ದುಪಡಿ ಅದನ್ನು ಎರಡು ವರ್ಷ, ಒಂದು ಲಕ್ಷಕ್ಕೆ ಏರಿಸಿತು. ಐದು ಸಾವಿರ ಎಂದಿದ್ದರೆ ಫಲಕ ಹಳೆಯದು. ನಮ್ಮ ಪಟ್ಟಿಯ ಕಲ್ಲುಗಳಲ್ಲಿ ಹೆಚ್ಚಿನವಕ್ಕೆ ಆ ಭಾಗ್ಯವೂ ಇಲ್ಲ. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿ ಈ ಭಾಗದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿರುವುದು ದೊಡ್ಡ ಕೆಲಸ. ನಮ್ಮ ಟಾರ್ಚಿನ ಚಿತ್ರಗಳು ಅದರ ಮುಂದೆ ಏನೂ ಅಲ್ಲ. ಕಲ್ಲಿನ ಸುತ್ತ ಈಗ ಏನಿದೆ, ಊರಿನವರು ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಬರೆದಿಡುವುದನ್ನೇ ನಾವು ಮುಖ್ಯವಾಗಿಟ್ಟುಕೊಂಡಿದ್ದೇವೆ.

ಮುಂದಿನ ಎರಡು ತಿಂಗಳು ದೇವನಹಳ್ಳಿ ಕಡೆಯ ಸಂಖ್ಯೆಗಳನ್ನು ಮುಗಿಸಬೇಕು. ಅದಕ್ಕೆ ಮೊದಲು ಆನೇಕಲ್ಲಿನ ವೀರಣ್ಣನ ಬಳಿಗೆ ಇನ್ನೊಮ್ಮೆ ಹೋಗಬೇಕಾಗಿದೆ. ಹೋದ ವಾರ ಅಜ್ಜಿಯ ಮೊಮ್ಮಗ ಕರೆ ಮಾಡಿ, ನೀರಿನ ಕೊಳವೆ ಹಾಕಲು ರಸ್ತೆಯ ಆ ಅಂಚನ್ನೇ ಅಗೆಯುತ್ತಾರಂತೆ, ಕಲ್ಲಿಗೆ ಪೆಟ್ಟಾಗದಂತೆ ಕೆಲಸದವರಿಗೆ ಹೇಳಿದ್ದೇವೆ, ಡಾಂಬರು ತೆಗೆದ ದಿನ ತಿಳಿಸುತ್ತೇನೆ, ಟಾರ್ಚು ತೆಗೆದುಕೊಂಡು ಬನ್ನಿ ಎಂದಿದ್ದಾನೆ. ಬ್ಯಾಟರಿ ಚಾರ್ಜಿಗೆ ಹಾಕಿದ್ದೇನೆ.