‘ಎಷ್ಟು ಎಚ್‌ಪಿ ಬಂತು?’ ಎಂದು ಕೇಳುವವರಿಗೆ

46. ಇಷ್ಟು ಸಾಕಾದವರು ಇಲ್ಲಿಗೇ ನಿಲ್ಲಿಸಬಹುದು. ನನ್ನ ಪ್ರೀಮಿಯರ್ ಪದ್ಮಿನಿ ಕಾರಿನ 1089 ಸಿಸಿ ಎಂಜಿನ್ನನ್ನು ಹೊಸದಾಗಿ ಕಟ್ಟಿಸಿ ಬೆಂಗಳೂರಿನಲ್ಲಿ ಡೈನೊ (ಚಕ್ರಗಳನ್ನು ರೋಲರುಗಳ ಮೇಲೆ ಓಡಿಸಿ ಶಕ್ತಿ ಲೆಕ್ಕಹಾಕುವ ಯಂತ್ರ) ಮೇಲೆ ಓಡಿಸಿದಾಗ ಹಿಂದಿನ ಚಕ್ರಗಳಲ್ಲಿ ಸಿಕ್ಕ ಹಾರ್ಸ್‌ಪವರ್ ಅದು.

ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯ ಮಹನೀಯರೊಬ್ಬರು ಇದನ್ನೇ ಕೇಳಿ, ಉತ್ತರ ಸಿಕ್ಕ ಮೇಲೆ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ‘ಅಷ್ಟೇನಾ? ನಮ್ಮ ಸ್ವಿಫ್ಟಿಗೇ ಎಂಬತ್ತಿದೆಯಲ್ಲ ಸ್ವಾಮಿ! ಕಂಪನಿಯವರೇ ನಲವತ್ತು ಕೊಟ್ಟಿದ್ದರು, ಬರೀ ಆರಕ್ಕೆ ಇಷ್ಟೊಂದು ಖರ್ಚೇ?’ ಎಂದರು. ಪಂಕ್ತಿಯಲ್ಲಿ ಕೂತು ವಾದ ಮಾಡಬಾರದೆಂದು ಸುಮ್ಮನಿದ್ದೆ. ಇಲ್ಲಿ ಆ ಕಟ್ಟುಪಾಡಿಲ್ಲ.

ಕಂಪನಿಯ 40 ಎಂಬುದು ಫ್ಲೈವೀಲ್‌ನಲ್ಲಿ (ಎಂಜಿನ್ನಿನ ತುದಿಯ ಗಾಲಿಯಲ್ಲಿ, ಗೇರ್‌ಬಾಕ್ಸಿಗೂ ಮೊದಲು) ಅಳೆದ ಲೆಕ್ಕ. ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಟೈರುಗಳು ತಮ್ಮ ಪಾಲು ತಿಂದ ಮೇಲೆ ಉಳಿಯುವುದು ಚಕ್ರದ ಲೆಕ್ಕ. ಒಂದರಿಂದ ಇನ್ನೊಂದನ್ನು ಕಳೆದು ಆರು ಎನ್ನುವುದು ಲೆಕ್ಕವೇ ಅಲ್ಲ. ಎಂಜಿನ್ ಬಿಚ್ಚುವ ಮೊದಲು ಇದೇ ಕಾರು ಇದೇ ರೋಲರುಗಳ ಮೇಲೆ 28 ತೋರಿಸಿತ್ತು. ಹೋಲಿಸುವುದಾದರೆ ಅದಕ್ಕೆ ಹೋಲಿಸಿ.

ಇನ್ನು ಗಾಳಿಯ ವಿಚಾರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ತೆಳು, ಟರ್ಬೊ ಇಲ್ಲದ ಎಂಜಿನ್ ಪ್ರತಿ ಉಸಿರಿಗೂ ಕಡಿಮೆ ಆಮ್ಲಜನಕವನ್ನೇ ಎಳೆದುಕೊಳ್ಳುತ್ತದೆ, ಹೀಗಾಗಿ ಅದೇ ಎಂಜಿನ್ ಮಂಗಳೂರಿಗೆ ಇಳಿದರೆ ಯಾವ ಸ್ಕ್ರೂ ಮುಟ್ಟದೆಯೂ ಬಲವಾಗುತ್ತದೆ. ಈ ವ್ಯತ್ಯಾಸವನ್ನು ಸರಿದೂಗಿಸಲು ಡೈನೊದ ಸಾಫ್ಟ್‌ವೇರಿನಲ್ಲಿ ತಿದ್ದುಪಡಿ ಅಂಶವೊಂದಿದ್ದು, ಅದನ್ನು ಹಾಕಿದರೆ ಇಲ್ಲಿ ಅಂಕಿ ಶೇ. 12–13ರಷ್ಟು ಏರಿ, ನನ್ನ 46 ಕಾಗದದ ಮೇಲೆ 52 ಆಗುತ್ತದೆ. ಅದು ಮೋಸವಲ್ಲ. ಆದರೆ ಅದನ್ನು ಹೇಳದೆ 52 ಎನ್ನುವುದು ಮೋಸ.

ಅಷ್ಟಕ್ಕೂ ಡೈನೊ ಹಾರ್ಸ್‌ಪವರನ್ನು ನೇರವಾಗಿ ಅಳೆಯುವುದೇ ಇಲ್ಲ. ಬ್ರೇಕ್ ಇರುವ ಡೈನೊ ಅಳೆಯುವುದು ತಿರುಚುಬಲವನ್ನು, ಅಂದರೆ ಟಾರ್ಕನ್ನು. ನ್ಯೂಟನ್ ಮೀಟರಿನ ಟಾರ್ಕನ್ನು ಆರ್‌ಪಿಎಂನಿಂದ, ಅಂದರೆ ನಿಮಿಷಕ್ಕೆ ತಿರುಗುವ ಸುತ್ತುಗಳಿಂದ, ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಆದ್ದರಿಂದ ಯಾರಾದರೂ ‘3,000 ಆರ್‌ಪಿಎಂನಲ್ಲಿ ಟಾರ್ಕ್ ಎಷ್ಟಿದೆ?’ ಎಂದು ಕೇಳಿದ್ದರೆ ಊಟ ಬಿಟ್ಟು ಉತ್ತರಿಸುತ್ತಿದ್ದೆ, ಏಕೆಂದರೆ ಪದ್ಮಿನಿ ರಸ್ತೆಯ ಮೇಲೆ ಬದುಕುವುದು 2,000ದಿಂದ 4,000ದೊಳಗೆ. ಗರಿಷ್ಠ ಎಚ್‌ಪಿ ಬರುವ ಜಾಗಕ್ಕೆ ಅದು ಹೋಗುವುದೇ ಅಪರೂಪ.

ನಮ್ಮ ಮೆಕ್ಯಾನಿಕ್ ಮೊದಲು ಹೊಸ ಕ್ಯಾಮ್ (ವಾಲ್ವುಗಳನ್ನು ತೆರೆದು ಮುಚ್ಚಿಸುವ ದಂಡ) ಕೂರಿಸಿದಾಗ ಗರಿಷ್ಠ ಅಂಕಿ 48 ಇತ್ತು, ಆದರೆ ಗ್ರಾಫಿನಲ್ಲಿ 2,500ರ ಆಸುಪಾಸು ಟಾರ್ಕ್ ಗೆರೆ ಹಳ್ಳಕ್ಕೆ ಬಿದ್ದಿತ್ತು. ಅದನ್ನು ತಿರುಗಿಸುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್ ಹೊಂದಿಸಿ ಕ್ಯಾಮನ್ನು 4 ಡಿಗ್ರಿ ಮುಂದಕ್ಕೆ ತಂದಾಗ ಇನ್‌ಲೆಟ್ ವಾಲ್ವ್ ಬೇಗ ಮುಚ್ಚಿಕೊಂಡು, ಕಡಿಮೆ ವೇಗದಲ್ಲಿ ಸಿಲಿಂಡರಿನಿಂದ ಹಿಂದಕ್ಕೆ ಹೋಗುತ್ತಿದ್ದ ಪೆಟ್ರೋಲ್-ಗಾಳಿ ಮಿಶ್ರಣ ಒಳಗೇ ಉಳಿಯಿತು. ಹಳ್ಳ ತುಂಬಿತು, ಗರಿಷ್ಠದಲ್ಲಿ ಎರಡು ಎಚ್‌ಪಿ ಹೋಯಿತು. ಸಂತೋಷದಿಂದ ಬಿಟ್ಟುಕೊಟ್ಟೆ.

ಆ ಕ್ಯಾಮಿನ ಮೊದಲ ಸ್ಟಾರ್ಟಿನ ಬಗ್ಗೆಯೂ ಯಾರೂ ಕೇಳುವುದಿಲ್ಲ. ಇಂಥ ಎಂಜಿನ್ನಿನ ಹೊಸ ಕ್ಯಾಮಿಗೆ ಎಣ್ಣೆ ಮುಖ್ಯವಾಗಿ ಕ್ರ್ಯಾಂಕಿನಿಂದ ಸಿಡಿದೇ ತಲುಪಬೇಕು, ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಧಾನವಾಗಿ ಓಡುವಾಗ) ಸಾಕಷ್ಟು ಸಿಡಿಯುವುದಿಲ್ಲ. ಆದ್ದರಿಂದ ಸ್ಟಾರ್ಟ್ ಆದ ಕ್ಷಣದಿಂದ 2,000 ಆರ್‌ಪಿಎಂ ಮೇಲೆ ಇಪ್ಪತ್ತು ನಿಮಿಷ ಹಿಡಿದಿರಬೇಕು. ಆಯಿಲ್ ಪ್ರೆಶರ್ ಮುಳ್ಳನ್ನೂ ಟೆಂಪರೇಚರ್ ಮುಳ್ಳನ್ನೂ ನೋಡುತ್ತ, ಹೊಸ ಬಣ್ಣ ಸುಟ್ಟ ವಾಸನೆಯಲ್ಲಿ ನಿಂತಿದ್ದಾಗ, ಗ್ಯಾರೇಜಿನ ಪಕ್ಕದ ಮನೆಯವರು ಬಂದು ಮೈಲೇಜ್ ಎಷ್ಟು ಕೊಡುತ್ತದೆ ಎಂದು ವಿಚಾರಿಸಿದರು.

ನಿಮ್ಮದೇ ಡೈನೊ ಹಾಳೆಯನ್ನು ನನಗೆ ತೋರಿಸುವುದಾದರೆ ಅಂದಿನ ತಾಪಮಾನ, ವಾಯುಒತ್ತಡ, ಯಾವ ಗೇರಿನಲ್ಲಿ ಓಡಿಸಿದಿರಿ, ತಿದ್ದುಪಡಿ ಹಾಕಿದ್ದೀರೋ ಇಲ್ಲವೋ ಎಂಬುದೆಲ್ಲ ಕಾಣುವಂತೆ ಪೂರ್ತಿ ಹಾಳೆಯ ಫೋಟೊ ಕಳಿಸಿ. ದೊಡ್ಡ ಅಂಕಿಯಷ್ಟನ್ನೇ ಕತ್ತರಿಸಿ ಕಳಿಸಿದರೆ ಉತ್ತರ ಬರುವುದಿಲ್ಲ.