ಬೇಟೆಯನ್ನು ಖಂಡಿಸುವ ಮಕ್ಕಳ ಪುಸ್ತಕ ಕಪಾಟಿನಲ್ಲೇ ಇರಲಿ

ತೀರ್ಥಹಳ್ಳಿ, ಹೊಸನಗರದ ಕಡೆ ಹಂದಿ ಬೇಟೆಯ ಕಥೆ ಕೇಳಿಯೇ ಬೆಳೆಯುವ ಮಕ್ಕಳಿದ್ದಾರೆ. ಬೇಟೆಗಾರನನ್ನು ಕ್ರೂರಿಯಾಗಿ ತೋರಿಸುವ ಪುಸ್ತಕ ಅಂಥ ಮನೆಗೆ ಬಂದರೆ ಹಿರಿಯರಿಗೆ ನೋವಾಗುವುದು ಸಹಜ. ಹಾಗೆಂದು ಪಂಚಾಯಿತಿ ಗ್ರಂಥಾಲಯದಿಂದ ಅದನ್ನು ತೆಗೆಸುವುದು ತಪ್ಪು.

ದೂರು ಬಂದರೆ ಮೇಲ್ವಿಚಾರಕರು ಬರಹದಲ್ಲೇ ಪಡೆಯಲಿ: ಯಾವ ಪುಟ, ಯಾವ ಚಿತ್ರ, ಏನು ಆಕ್ಷೇಪ. ಆಮೇಲೆ ಪುಸ್ತಕವನ್ನು ಪೂರ್ತಿ ಓದಲಿ. ತೀರ್ಮಾನವಾಗುವವರೆಗೆ ಅದು ಕಪಾಟಿನಲ್ಲೇ ಇರಬೇಕು. ಗಲಾಟೆಗೆ ಹೆದರಿ ಸದ್ದಿಲ್ಲದೆ ಬೀರುವಿನೊಳಗೆ ಸೇರಿಸಿದರೆ ರಿಜಿಸ್ಟರಿನಲ್ಲಿ ಪುಸ್ತಕ ಇರುತ್ತದೆ, ಮಗುವಿನ ಕೈಗೆ ಸಿಗುವುದಿಲ್ಲ. ತಪಾಸಣೆಯ ದಿನ ಉತ್ತರ ಕೊಡಬೇಕಾದವರೂ ಅವರೇ.

ಪರೀಕ್ಷಿಸಬೇಕಾದದ್ದು ಮಾಹಿತಿಯನ್ನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ, ಅನುಸೂಚಿಯಲ್ಲಿ, ಅಂದರೆ ಕಾಯ್ದೆಯ ಪಟ್ಟಿಯಲ್ಲಿ ಇರುವ ಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ. ಹಂದಿಗೆಂದು ಕಟ್ಟಿದ ತಂತಿ ಉರುಳಿಗೆ ಚಿರತೆಯೂ ಬೀಳುತ್ತದೆ. ಎಳೆದಷ್ಟೂ ಕುಣಿಕೆ ಬಿಗಿಯುತ್ತದೆ. ಇದನ್ನು ಹೇಳುವ ಪುಸ್ತಕ ಮಲೆನಾಡಿನ ಮಕ್ಕಳಿಗೆ ಬೇಕೇ ಬೇಕು. ರಾತ್ರೋರಾತ್ರಿ ಹಂದಿ ನುಗ್ಗಿ ಗದ್ದೆ ಹಾಳಾದ ರೈತನ ಸಂಕಟ ಹೇಳುವ ಪುಸ್ತಕವನ್ನೂ ತರಿಸಿ ಪಕ್ಕದಲ್ಲಿಡಿ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ಹೇಳಿದ್ದರು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕೆಂದು.

ವಯಸ್ಸಿನ ಮಾತು ಬೇರೆ. ರಕ್ತದ ಚಿತ್ರಗಳಿದ್ದರೆ ಪುಟಾಣಿಗಳ ಕೆಳಗಿನ ಅರೆಯಿಂದ ದೊಡ್ಡ ಮಕ್ಕಳ ಅರೆಗೆ ಸರಿಸಿ, ಎರವಲು ಕೊಡುವುದನ್ನು ಮಾತ್ರ ನಿಲ್ಲಿಸಬೇಡಿ.