ಎಂಟೆಸಳಿನ ಹೂವು ಮತ್ತು ಖಾಲಿ ನಕ್ಷೆ

ಕಳೆದ ತಿಂಗಳು ಒಂದು ಭಾನುವಾರ ನನ್ನ ಕಂಪ್ಯೂಟರಿನ ಪರದೆಯ ಮೇಲೆ ಎಂಟೆಸಳಿನ ಹೂವೊಂದು ಮೂಡಿತು. ನಾಲ್ಕು ಎಸಳು ಬೆಳ್ಳಗೆ, ಅವುಗಳ ನಡುನಡುವೆ ನಾಲ್ಕು ಕಪ್ಪಗೆ. ನೋಡಲು ಚೆಂದವಾಗಿಯೇ ಇತ್ತು. ಆದರೆ ಅಲ್ಲಿ ಬರಬೇಕಾಗಿದ್ದದ್ದು ಹೂವಲ್ಲ, ನಟ್ಟನಡುವೆ ಒಂದೇ ಒಂದು ಗುಡ್ಡ. ಕಪ್ಪುದ್ರವ್ಯದ ನಕ್ಷೆಯನ್ನು ಬರೆಯುವ ಬಗೆಯನ್ನು ಓದಿದ್ದು ಸಾಲದೆ ಕೈಯಾರೆ ಮಾಡಿ ನೋಡಲು ಹೊರಟಿದ್ದ ನನಗೆ, ಆ ತಪ್ಪು ಹೂವು ಕಲಿಸಿದಷ್ಟನ್ನು ಓದು ಕಲಿಸಿರಲಿಲ್ಲ.

ಕಪ್ಪುದ್ರವ್ಯ ಬೆಳಕನ್ನು ಸೂಸುವುದೂ ಇಲ್ಲ, ತಡೆಯುವುದೂ ಇಲ್ಲ. ಆದರೆ ಅದಕ್ಕೆ ದ್ರವ್ಯರಾಶಿಯಿದೆ, ಮತ್ತು ದ್ರವ್ಯರಾಶಿ ಇರುವೆಡೆಯಲ್ಲಿ ಬೆಳಕಿನ ದಾರಿ ಬಾಗುತ್ತದೆ. ಕಲ್ಯಾಣಿಯ ತಳಕ್ಕೆ ಚೌಕ ಕಲ್ಲುಗಳನ್ನು ಹಾಸಿದ್ದರೆ, ಅವುಗಳ ಅಂಚು ಎಲ್ಲಿ ಡೊಂಕಾಗಿ ಕಾಣುತ್ತದೆಂದು ನೋಡಿ ಮೇಲಿನ ನೀರು ಎಲ್ಲಿ ಅಲುಗುತ್ತಿದೆಯೆಂದು ಹೇಳಿಬಿಡಬಹುದು, ಏಕೆಂದರೆ ಕಲ್ಲು ನಿಜವಾಗಿ ಚೌಕವೆಂಬುದು ನಮಗೆ ಮೊದಲೇ ಗೊತ್ತು. ತಳದಲ್ಲಿರುವುದು ಹೊಳೆಯ ಉರುಟುಗಲ್ಲುಗಳಾದರೆ ಕಷ್ಟ: ಒಂದು ಕಲ್ಲು ಉದ್ದಕ್ಕೆ ಕಂಡರೆ ಅದು ನೀರಿನ ಆಟವೋ ಕಲ್ಲಿನ ಹುಟ್ಟುಗುಣವೋ ತಿಳಿಯುವುದಿಲ್ಲ. ದೂರದ ಗೆಲಾಕ್ಸಿಗಳು ಇಂಥ ಉರುಟುಗಲ್ಲುಗಳು. ಅವುಗಳ ಸಹಜ ಉದ್ದಗಲದ ವ್ಯತ್ಯಾಸ ದೊಡ್ಡದು. ನಡುವಿನ ಕಪ್ಪುದ್ರವ್ಯ ಅವುಗಳನ್ನು ಹಿಗ್ಗಿಸುವುದು ಸುಮಾರು ಶೇಕಡಾ 1ರಷ್ಟು, ಎಷ್ಟೋ ಕಡೆ ಅದಕ್ಕಿಂತಲೂ ಕಡಿಮೆ.

ಹಾಗಾಗಿ ಇದು ಸರಾಸರಿಯ ಕೆಲಸ. ಗೆಲಾಕ್ಸಿಗಳ ಬದಲಿಗೆ ಮನಬಂದಂತೆ ವಾಲಿದ 100 ದೀರ್ಘವೃತ್ತಗಳನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿ, ಎಲ್ಲವನ್ನೂ ಒಂದೇ ದಿಕ್ಕಿಗೆ ಶೇಕಡಾ 1ರಷ್ಟು ಎಳೆದು ಸರಾಸರಿ ತೆಗೆದಾಗ ಉತ್ತರ ವಿರುದ್ಧ ದಿಕ್ಕಿಗೆ ಬಂತು. 10,000 ದೀರ್ಘವೃತ್ತಗಳನ್ನು ತೆಗೆದುಕೊಂಡ ಮೇಲಷ್ಟೇ ನಾನೇ ಹಾಕಿದ ಎಳೆತ ನನಗೇ ಕಾಣಿಸಿತು. ಬೆಳಕಿನ ಈ ನಸುಬಾಗುವಿಕೆಗಿರುವ ದುರ್ಬಲ ಗುರುತ್ವ ಮಸೂರ ಎಂಬ ಹೆಸರಿನಲ್ಲಿ 'ದುರ್ಬಲ' ಎಂಬ ಮಾತು ಎಷ್ಟು ಭಾರವಾದದ್ದೆಂದು ಆಗ ಅರ್ಥವಾಯಿತು.

ಹೀಗೆ ಅಳೆದ ವಾಲುವಿಕೆಗಳಿಂದ ದ್ರವ್ಯರಾಶಿಯ ನಕ್ಷೆಯನ್ನು ಪಡೆಯುವ ಗಣಿತವನ್ನು 1993ರಲ್ಲಿ ಖಗೋಳವಿಜ್ಞಾನಿಗಳಾದ ನಿಕ್ ಕೈಸರ್ ಮತ್ತು ಗಾರ್ಡನ್ ಸ್ಕ್ವೈರ್ಸ್ ಕೊಟ್ಟರು. ಗೆಲಾಕ್ಸಿ ಗುಚ್ಛಗಳನ್ನು ಬಿಟ್ಟು ಬರಿಯ ಆಕಾಶದಲ್ಲೇ ಈ ಎಳೆತವನ್ನು ನಾಲ್ಕು ತಂಡಗಳು ಪ್ರತ್ಯೇಕವಾಗಿ ಕಂಡದ್ದು 2000ದಲ್ಲಿ. ನಾನು ಬಳಸಿದ್ದೂ ಆ 1993ರ ವಿಧಾನವನ್ನೇ. ಕೃತಕ ಆಕಾಶವೊಂದರ ನಡುವೆ ದ್ರವ್ಯರಾಶಿಯ ಒಂದು ಗುಡ್ಡೆಯನ್ನಿಟ್ಟು, ಅದರ ಹಿಂದಿನ ಗೆಲಾಕ್ಸಿಗಳನ್ನು ನಿಯಮದಂತೆ ಬಾಗಿಸಿ, ಬಳಿಕ ಆ ಗುಡ್ಡೆಯನ್ನು ಮರಳಿ ಪಡೆಯಲು ಹೊರಟಾಗ ಬಂದದ್ದು ಹೂವು.

ತಪ್ಪನ್ನು ಹಿಡಿದುಕೊಟ್ಟದ್ದು ಈ ವಿದ್ಯೆಯಲ್ಲೇ ಅಡಗಿರುವ ಒಂದು ಪರೀಕ್ಷೆ. ದ್ರವ್ಯರಾಶಿಯ ಸುತ್ತಲಿನ ಗೆಲಾಕ್ಸಿಗಳ ಚಿತ್ರಗಳು, ತುಳಸಿಕಟ್ಟೆಗೆ ಪ್ರದಕ್ಷಿಣೆ ಬರುವವರ ಹೆಜ್ಜೆಯಂತೆ, ಅದನ್ನು ಬಳಸಿ ಉದ್ದವಾಗುತ್ತವೆ. ದ್ರವ್ಯ ವಿರಳವಾದ ಜಾಗದ ಸುತ್ತ ಅದರಿಂದ ಹೊರಮುಖವಾಗಿ ಉದ್ದವಾಗುತ್ತವೆ. ಕಾಗದದ ಗಿರಿಗಿಟ್ಲೆಯ ರೆಕ್ಕೆಗಳಂತೆ 45 ಡಿಗ್ರಿ ಓರೆಯಾಗಿ ಅವುಗಳನ್ನು ಜೋಡಿಸುವುದು ಗುರುತ್ವದಿಂದ ಹೆಚ್ಚುಕಡಿಮೆ ಸಾಧ್ಯವೇ ಇಲ್ಲ. ಆದ್ದರಿಂದ ಪ್ರತಿಯೊಂದು ಗೆಲಾಕ್ಸಿಯನ್ನೂ 45 ಡಿಗ್ರಿ ತಿರುಗಿಸಿ ಅದೇ ಲೆಕ್ಕವನ್ನು ಮತ್ತೊಮ್ಮೆ ಮಾಡಿದರೆ ನಕ್ಷೆ ಖಾಲಿ ಬರಬೇಕು, ಬರಿಯ ಗೊಜಲು ಉಳಿಯಬೇಕು. ನನ್ನ ಎರಡನೆಯ ನಕ್ಷೆಯಲ್ಲಿ ಅದೇ ಹೂವು, ಕೊಂಚ ತಿರುಗಿಕೊಂಡು, ಹಾಗೆಯೇ ಕೂತಿತ್ತು. ಹುಡುಕಿದಾಗ ಕಾರಣ ನಾಚಿಕೆಯಾಗುವಷ್ಟು ಸಣ್ಣದು: ಗೆಲಾಕ್ಸಿಗಳ ಸ್ಥಾನವನ್ನು ಮೇಲಿನಿಂದ ಕೆಳಕ್ಕೂ, ಅವುಗಳ ವಾಲುವಿಕೆಯನ್ನು ಕೆಳಗಿನಿಂದ ಮೇಲಕ್ಕೂ ಎಣಿಸಿದ್ದೆ. ಒಂದು ಋಣಚಿಹ್ನೆಯನ್ನು ಸರಿಪಡಿಸಿದೆ; ಗುಡ್ಡ ನಡುವಿಗೆ ಬಂತು, ಇನ್ನೊಂದು ನಕ್ಷೆ ಖಾಲಿಯಾಯಿತು.

ನಿಜವಾದ ಆಕಾಶವನ್ನು ಅಳೆಯುವವರ ಪಾಡು ಇದಕ್ಕಿಂತ ಬಹಳ ಕಠಿಣ. ಚಿಲಿ ದೇಶದ ಸೆರ್ರೊ ಟೊಲೊಲೊ ಬೆಟ್ಟದ ಮೇಲಿನ 4 ಮೀಟರ್ ದೂರದರ್ಶಕಕ್ಕೆ 570 ಮೆಗಾಪಿಕ್ಸೆಲ್ ಕ್ಯಾಮೆರಾ ಜೋಡಿಸಿ, 2013ರಿಂದ 2019ರವರೆಗೆ 758 ರಾತ್ರಿ ಆಕಾಶವನ್ನು ಸೆರೆಹಿಡಿದ ಡಾರ್ಕ್ ಎನರ್ಜಿ ಸರ್ವೇ ತಂಡವು, ಮೊದಲ ಮೂರು ವರ್ಷಗಳ ಚಿತ್ರಗಳಲ್ಲಿನ ಸುಮಾರು 10 ಕೋಟಿ ಗೆಲಾಕ್ಸಿಗಳ ಆಕಾರದಿಂದ ಆಕಾಶದ ಸುಮಾರು ಹತ್ತನೆಯ ಒಂದು ಭಾಗದಷ್ಟು ವಿಸ್ತಾರದ ನಕ್ಷೆಯನ್ನು 2021ರಲ್ಲಿ ಪ್ರಕಟಿಸಿತು. ವಾತಾವರಣವೂ ದೂರದರ್ಶಕದ ಕನ್ನಡಿಯೂ ಸೇರಿ ಪ್ರತಿ ಗೆಲಾಕ್ಸಿಯನ್ನು ಮಸಕುಗೊಳಿಸುವ ಪ್ರಮಾಣ, ಹುಡುಕುತ್ತಿರುವ ಎಳೆತಕ್ಕಿಂತ ಎಷ್ಟೋ ಪಾಲು ಹೆಚ್ಚು. ನಕ್ಷತ್ರಗಳು ಬರಿಯ ಬಿಂದುಗಳಾದ್ದರಿಂದ ಅವು ಎಷ್ಟು ಹರಡಿ ಕಾಣುತ್ತವೆಂಬುದರಿಂದ ಆ ಮಸಕನ್ನು ತಿಳಿಯುತ್ತಾರೆ. ಅಷ್ಟಕ್ಕೇ ನಿಲ್ಲದೆ, ಗೆಲಾಕ್ಸಿಯ ಅಸಲು ಚಿತ್ರವನ್ನೇ ಗೊತ್ತಿರುವ ಪ್ರಮಾಣದಲ್ಲಿ ತುಸು ಎಳೆದು, ತಮ್ಮ ಅಳತೆ ಅದಕ್ಕೆ ಎಷ್ಟು ಸ್ಪಂದಿಸಿತೆಂದು ನೋಡಿ, ತಕ್ಕಡಿಯನ್ನೇ ತೂಗಿದಂತೆ ತಮ್ಮ ವಿಧಾನವನ್ನು ತಿದ್ದಿಕೊಳ್ಳುತ್ತಾರೆ. ಈ ಕೊನೆಯ ಉಪಾಯ ನನಗೆ ಆ ಬಣ್ಣದ ನಕ್ಷೆಗಿಂತಲೂ ಸುಂದರವಾಗಿ ಕಾಣುತ್ತದೆ.

ಇಂಥ ಸಮೀಕ್ಷೆಗಳು ಕೆಲವು ವರ್ಷ ಒಂದು ತಕರಾರನ್ನೂ ಹುಟ್ಟಿಸಿದ್ದವು: ವಿಶ್ವದ ಆರಂಭಕಾಲದಿಂದ ಉಳಿದುಬಂದ ಆದಿಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಲೆಕ್ಕಕ್ಕಿಂತ ಇಂದಿನ ವಿಶ್ವದ ದ್ರವ್ಯ ತುಸು ಕಡಿಮೆ ಗುಂಪುಗೂಡಿದಂತೆ ತೋರುತ್ತಿತ್ತು. ಹೊಸ ಭೌತಶಾಸ್ತ್ರವೇ ಬಂತೆಂದು ಅನೇಕರು ಬರೆದರು, ನಾನೂ ಕೊಂಚ ಹಿಗ್ಗಿದ್ದೆ. ಚಿಲಿಯಿಂದಲೇ ನಡೆದ ಕಿಲೋ ಡಿಗ್ರಿ ಸರ್ವೇ 2025ರಲ್ಲಿ ತನ್ನ ಪೂರ್ಣ ದತ್ತಾಂಶದೊಂದಿಗೆ, ಗೆಲಾಕ್ಸಿಗಳ ದೂರವನ್ನು ಇನ್ನಷ್ಟು ನಿಖರವಾಗಿ ಗೊತ್ತುಮಾಡಿಕೊಂಡು ಲೆಕ್ಕಹಾಕಿದಾಗ, ಅದರ ಉತ್ತರ ಪ್ಲಾಂಕಿನದಕ್ಕೆ ಹೊಂದಿಕೊಂಡಿತು. ನನ್ನ ಹೂವನ್ನು ಮಾತ್ರ ಅಳಿಸಿಲ್ಲ. ಖಾಲಿ ನಕ್ಷೆಯ ಪಕ್ಕದಲ್ಲಿ ಅಂಟಿಸಿ ಮೇಜಿನೆದುರಿನ ಗೋಡೆಗೆ ಹಾಕಿದ್ದೇನೆ.